ಸತ್ತವರ ತಲೆ ಮೇಲಿನ ಗಡಿಯಾರ

ಮೊದಲು ಈ ಚಿತ್ರ ನೋಡಿ. ಪರದೆ ಮೇಲೆ ಸ್ವಲ್ಪ ಮಂಕಾಗಿದೆ, ಹಿಂದೆ ಕೂತವರಿಗೆ ಕಾಣಲಿಕ್ಕಿಲ್ಲ, ಹಾಗಾಗಿ ನಾನೇ ಹೇಳುತ್ತಾ ಹೋಗುತ್ತೇನೆ. ಹನ್ನೆರಡು ದುಂಡನೆಯ ಚಕ್ರಗಳಿವೆ, ಒಂದೊಂದಕ್ಕೂ ಗಾಡಿ ಗಾಲಿಯ ಹಾಗೆ ಅರಗಳು. ನಡುವೆ ಒಂದು ಹೋರಿ. ಆದರೆ ಅದರ ಮೈ ಮೊಟ್ಟೆ ತರಹ ಇದೆ, ಕಾಲುಗಳು ಮಗು ಗೀಚಿದಂತೆ ಪುಟಾಣಿ. ಕೆಳಗೆ ಬೆನ್ನ ಮೇಲೆ ಮೊಸಳೆ ಹೊತ್ತು ನಿಂತ ನೀರಾನೆ, ಒಂದು ಸಿಂಹ, ಈಟಿ ಹಿಡಿದ ಗಿಡುಗನ ತಲೆಯ ದೇವರು.

ಇದು ಈಜಿಪ್ಟಿನ ಲಕ್ಸರ್ ಎದುರಿನ ದೇರ್ ಎಲ್-ಬಹ್ರಿಯಲ್ಲಿದೆ. ಸೆನೆನ್‌ಮುಟ್ ಎಂಬುವನ ಸಮಾಧಿಯ ಚಾವಣಿ. ಕ್ರಿ.ಪೂ. 1470ರ ಆಸುಪಾಸು. ನಮಗೆ ಗೊತ್ತಿರುವ ಸಮಾಧಿಗಳಲ್ಲಿ ಇಷ್ಟು ಪೂರ್ತಿಯಾದ ನಕ್ಷತ್ರ ಚಾವಣಿ ಇದಕ್ಕಿಂತ ಹಳೆಯದು ಇಲ್ಲ.

ಇಂಥ ಚಿತ್ರ ತೋರಿಸಿದಾಗ ಎಲ್ಲರೂ ಮೊದಲು ಕೇಳುವುದು ಒಂದೇ. ಇದರಲ್ಲಿ ಯಾವ ನಕ್ಷತ್ರ ಎಲ್ಲಿದೆ, ಆಕಾಶಕ್ಕೆ ಸರಿಯಾಗಿ ಹೊಂದುತ್ತಾ? ಹೊಂದುವುದಿಲ್ಲ. ಅಲ್ಲಿಂದಲೇ ಶುರು ಮಾಡೋಣ. ಇದನ್ನು ಭೂಪಟದ ತರಹದ ನಕ್ಷೆ ಅಂತ ನೋಡಿದರೆ ತಲೆ ಕೆಡುತ್ತದೆ. ಇದು ಗಡಿಯಾರ ಮತ್ತು ಕ್ಯಾಲೆಂಡರ್. ಅದೂ ಬಹಳ ಸಲ ನಿಂತುಹೋದ ಗಡಿಯಾರ. ನಿಂತಿದ್ದರೂ ಯಾಕೆ ಅದನ್ನೇ ನೂರಾರು ವರ್ಷ ಸತ್ತವರ ತಲೆ ಮೇಲೆ ಬರೆದರು ಅನ್ನೋದೇ ಇವತ್ತಿನ ಮಾತು.

ಸ್ವಲ್ಪ ಹಿಂದಕ್ಕೆ ಹೋಗೋಣ. ಸಕ್ಕಾರಾದಲ್ಲಿ ಉನಾಸ್ ಎಂಬ ರಾಜನ ಪಿರಮಿಡ್ ಇದೆ, ಕ್ರಿ.ಪೂ. 2350ರ ಹೊತ್ತಿನದು. ಒಳಗೆ ಗೋಡೆ ತುಂಬ ಮಂತ್ರ ಕೊರೆದ ಮೊದಲ ಪಿರಮಿಡ್ ಅದೇ. ಅದರ ಚಾವಣಿಯಲ್ಲಿ ಐದು ಮೂಲೆಯ ನಕ್ಷತ್ರಗಳು ಸಾಲುಸಾಲಾಗಿವೆ. ಯಾವ ನಕ್ಷತ್ರ ಅಂತ ಹೆಸರಿಲ್ಲ, ಎಲ್ಲವೂ ಒಂದೇ ಅಚ್ಚು, ಸೀರೆ ಮೇಲಿನ ಬುಟ್ಟಾ ಇದ್ದಂತೆ. ಈಜಿಪ್ಟಿನವರ ಬರವಣಿಗೆಯಲ್ಲಿ ಆ ಐದು ಮೂಲೆಯ ಚಿಹ್ನೆಗೆ ‘ಸ್ಬಾ’ ಅಂತ ಉಚ್ಚಾರ. ಕಲಿಸುವುದಕ್ಕೂ ಅದೇ ಸ್ಬಾ, ಬಾಗಿಲಿಗೂ ಅದೇ ಸ್ಬಾ. ಅದೇ ಚಿಹ್ನೆಯ ಸುತ್ತ ಒಂದು ವೃತ್ತ ಹಾಕಿದರೆ ‘ದುಆತ್’, ಅಂದರೆ ಸತ್ತವರು ಹೋಗುವ ಲೋಕ. ಉನಾಸನ ಗೋಡೆಯ ಮಂತ್ರಗಳಲ್ಲಿ ರಾಜ ಹೋಗಿ ಸೇರುವುದು ಉತ್ತರ ಆಕಾಶದ ‘ನಾಶವಿಲ್ಲದ’ ನಕ್ಷತ್ರಗಳ ಜೊತೆ. ನಾಶವಿಲ್ಲ ಯಾಕೆ? ಅವು ಮುಳುಗುವುದೇ ಇಲ್ಲ, ಧ್ರುವದ ಸುತ್ತ ಸುತ್ತುತ್ತಲೇ ಇರುತ್ತವೆ. ಕಣ್ಣಿಗೆ ಕಾಣುವ ಕಾರಣ ಅಷ್ಟೇ, ಅದರಲ್ಲಿ ಗೂಢ ಏನೂ ಇಲ್ಲ.

ಗಡಿಯಾರ ಬರುವುದು ಆಮೇಲೆ, ಮತ್ತು ಅದು ಬರುವುದು ಅರಮನೆಗಲ್ಲ, ಶವಪೆಟ್ಟಿಗೆಯ ಮುಚ್ಚಳಕ್ಕೆ. ಕ್ರಿ.ಪೂ. 2100ರ ಹೊತ್ತಿಗೆ ನಡು ಈಜಿಪ್ಟಿನ ಅಸ್ಯೂಟ್‌ನಲ್ಲಿ ಮರದ ಪೆಟ್ಟಿಗೆಗಳ ಮುಚ್ಚಳದ ಒಳಮೈ ಮೇಲೆ ಒಂದು ಪಟ್ಟಿ ಬರೆಯುತ್ತಿದ್ದರು. ಒಳಮೈ ಮೇಲೆ ಅನ್ನೋದನ್ನು ಗಮನಿಸಿ. ಮುಚ್ಚಿದ ಮೇಲೆ ಓದಬೇಕಾದವನು ಒಳಗೆ ಮಲಗಿದವನೊಬ್ಬನೇ.

ಆ ಪಟ್ಟಿ ಶಾಲೆಯ ವೇಳಾಪಟ್ಟಿ ಇದ್ದ ಹಾಗೆ. ಅಡ್ಡಕ್ಕೆ ಹನ್ನೆರಡು ಸಾಲು, ರಾತ್ರಿಯ ಹನ್ನೆರಡು ತಾಸು. ಉದ್ದಕ್ಕೆ 36 ಕಂಬಸಾಲು, ವರ್ಷದ ಹತ್ತತ್ತು ದಿನದ 36 ವಾರಗಳು. ಅವರ ವಾರಕ್ಕೆ ಹತ್ತು ದಿನ, ತಿಂಗಳಿಗೆ ಮೂರು ವಾರ, ಹನ್ನೆರಡು ತಿಂಗಳಿಗೆ 360, ಕೊನೆಗೆ ಅಂಟಿಸಿದ ಐದು ದಿನ, ಒಟ್ಟು 365. ಒಂದೊಂದು ಖಾನೆಯಲ್ಲೂ ಒಂದು ನಕ್ಷತ್ರದ ಅಥವಾ ಸಣ್ಣ ಗುಂಪಿನ ಹೆಸರು. ಈ ವಾರ ಬೆಳಗಾಗುವ ಮುಂಚೆ ಪೂರ್ವದಲ್ಲಿ ಕಡೆಯದಾಗಿ ಮೂಡುವ ನಕ್ಷತ್ರ ಹನ್ನೆರಡನೇ ತಾಸಿಗೆ ಗುರುತು. ನಕ್ಷತ್ರಗಳು ದಿನಾ ಸುಮಾರು ನಾಲ್ಕು ನಿಮಿಷ ಮುಂಚೆ ಮೂಡುತ್ತವೆ, ಹತ್ತು ದಿನಕ್ಕೆ ನಲವತ್ತು ನಿಮಿಷ. ಹಾಗಾಗಿ ಮುಂದಿನ ವಾರ ಅದೇ ನಕ್ಷತ್ರ ಹನ್ನೊಂದನೇ ತಾಸಿಗೆ ಬಡ್ತಿ ಪಡೆಯುತ್ತದೆ, ಹನ್ನೆರಡಕ್ಕೆ ಹೊಸದೊಂದು ಬರುತ್ತದೆ. ಪಟ್ಟಿಯಲ್ಲಿ ಒಂದು ಹೆಸರನ್ನು ಹಿಡಿದು ಹೋದರೆ ಅದು ಮೆಟ್ಟಿಲು ಹತ್ತಿದ ಹಾಗೆ ಓರೆಯಾಗಿ ಮೇಲಕ್ಕೆ ಹೋಗುತ್ತದೆ. ಇಂಥ ಪಟ್ಟಿ ಇರುವ ಮುಚ್ಚಳಗಳು ಇಪ್ಪತ್ತಕ್ಕೂ ಜಾಸ್ತಿ ಸಿಕ್ಕಿವೆ. ರಾತ್ರಿಗೆ ಹನ್ನೆರಡು ತಾಸು ಅನ್ನೋ ಲೆಕ್ಕ ಹುಟ್ಟಿದ್ದು ಇಲ್ಲೇ. ನಿಮ್ಮ ಕೈಗಡಿಯಾರದಲ್ಲಿ ಹನ್ನೆರಡು ಯಾಕೆ, ಹತ್ತು ಯಾಕಲ್ಲ ಅಂತ ಮಕ್ಕಳು ಕೇಳಿದರೆ ಶವಪೆಟ್ಟಿಗೆ ಕಡೆ ಕೈ ತೋರಿಸಬಹುದು.

ಇಲ್ಲೊಂದು ಅಡ್ಡಮಾತು, ಆದರೆ ಬಿಡೋಕೆ ಮನಸ್ಸಿಲ್ಲ. ಈ 36 ನಕ್ಷತ್ರಗುಂಪುಗಳಿಗೆ ಗ್ರೀಕರು ಆಮೇಲೆ ‘ಡೆಕನೋಸ್’ ಅಂದರು, ಹತ್ತಕ್ಕೆ ಸೇರಿದ್ದು ಅನ್ನೋ ಅರ್ಥ. ನಿಮ್ಮಲ್ಲಿ ಜಾತಕ ನೋಡುವವರು ಯಾರಾದರೂ ಇದ್ದರೆ ‘ದ್ರೇಕ್ಕಾಣ’ ಅನ್ನೋ ಮಾತು ಕೇಳಿರುತ್ತೀರಿ. ಒಂದು ರಾಶಿಯನ್ನು ಮೂರು ಭಾಗ ಮಾಡಿದರೆ ಹತ್ತು ಡಿಗ್ರಿಯದ್ದೊಂದು ದ್ರೇಕ್ಕಾಣ, ಹನ್ನೆರಡು ಮೂರಲ ಮೂವತ್ತಾರು. ಆ ದ್ರೇಕ್ಕಾಣ ಈ ಡೆಕನೋಸ್‌ನಿಂದಲೇ ಬಂದದ್ದು, ಹೋರಾ ಅನ್ನೋ ಮಾತೂ ಹಾಗೆಯೇ ಗ್ರೀಕಿನಿಂದ ಬಂದದ್ದು. ಅಂದರೆ ಅಸ್ಯೂಟಿನ ಮರದ ಮುಚ್ಚಳದ ಒಂದು ಎಳೆ ಗ್ರೀಕರ ಕೈ ದಾಟಿ ನಮ್ಮ ಬೀದಿಯ ಜೋಯಿಸರ ಕುಂಡಲಿಗೆ ಬಂದು ಕೂತಿದೆ. ಹೆಸರು ಬಂತು, ಲೆಕ್ಕ ಬಂತು, ಆದರೆ ರಾತ್ರಿ ಎದ್ದು ಆಕಾಶ ನೋಡುವ ಕೆಲಸ ದಾರಿಯಲ್ಲೇ ಬಿದ್ದುಹೋಯಿತು.

ಸರಿ, ಸೆನೆನ್‌ಮುಟ್‌ಗೆ ವಾಪಸ್ ಬರೋಣ. ಇವನು ರಾಜನಲ್ಲ. ಹಾಟ್‌ಶೆಪ್ಸುತ್ ರಾಣಿಯ ಆಸ್ತಿಪಾಸ್ತಿ ನೋಡಿಕೊಳ್ಳುತ್ತಿದ್ದ ದೊಡ್ಡ ಅಧಿಕಾರಿ. ರಾಣಿ ದೇವಸ್ಥಾನ ಕಟ್ಟಿಸುತ್ತಿದ್ದಳಲ್ಲ, ಅದರ ಪಕ್ಕದಲ್ಲೇ ನೆಲ ಕೊರೆಸಿ ಇವನು ತನಗೊಂದು ಸಮಾಧಿ ಮಾಡಿಸಿಕೊಂಡ. 1920ರ ದಶಕದಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಪರವಾಗಿ ಅಗೆಯುತ್ತಿದ್ದ ಹರ್ಬರ್ಟ್ ವಿನ್ಲಾಕ್‌ಗೆ ಇದು ಸಿಕ್ಕಿತು. ಉದ್ದಕ್ಕೆ ಮೆಟ್ಟಿಲಿಳಿದು ಹೋದರೆ ಸುಮಾರು ಮೂರು ಮೀಟರ್ ಅಗಲದ ಒಂದು ಸಣ್ಣ ಕೋಣೆ. ಮಲಗುವ ಕೋಣೆ ಅನ್ನಿ. ಅದರ ಚಾವಣಿ ಇದು. ಇದರ ಅಳತೆಗೆ ಸರಿಯಾದ ನಕಲನ್ನು ಚಾರ್ಲ್ಸ್ ವಿಲ್ಕಿನ್ಸನ್ ಎಂಬ ಕಲಾವಿದ ಮಾಡಿದ, ಅದು ಅದೇ ಮ್ಯೂಸಿಯಂನಲ್ಲಿದೆ.

ಚಾವಣಿಗೆ ಎರಡು ಭಾಗ. ನಡುವೆ ಬರಹದ ಪಟ್ಟಿಗಳು, ಅದರಲ್ಲಿ ರಾಣಿಯ ಹೆಸರೂ ಇವನ ಹೆಸರೂ ಇದೆ. ದಕ್ಷಿಣ ಭಾಗದಲ್ಲಿ ಆ 36ರ ಸಂತತಿ, ಹೆಸರುಗಳು ಉದ್ದಕ್ಕೆ ಸಾಲಾಗಿ ಇಳಿಯುತ್ತವೆ. ಸಾಲಿನ ಕೊನೆಗೆ ದೋಣಿಯಲ್ಲಿ ನಿಂತವನೊಬ್ಬ, ತಲೆ ಮೇಲೆ ಮೂರು ನಕ್ಷತ್ರ. ಅವನು ಸಾಹ್, ನಾವು ಮೃಗಶಿರ ಅಂತ ಗುರುತಿಸುವ ಒರಾಯನ್ ಗುಂಪು. ಅವನ ಹಿಂದೆ ಇನ್ನೊಂದು ದೋಣಿಯಲ್ಲಿ ಸೊಪ್ಡೆಟ್, ಅಂದರೆ ಲುಬ್ಧಕ, ಆಕಾಶದ ಅತಿ ಹೊಳೆಯುವ ನಕ್ಷತ್ರ. ನಮ್ಮ ಕಥೆಯಲ್ಲಿ ಲುಬ್ಧಕ ಬೇಟೆಗಾರ, ಜಿಂಕೆಗೆ ಬಾಣ ಬಿಡುವವನು. ಅವರ ಕಥೆಯಲ್ಲಿ ಸಾಹ್ ಅಂದರೆ ಒಸಿರಿಸ್ ದೇವರು, ಈ ನಕ್ಷತ್ರ ಆ ಗಂಡನ ಹಿಂದೆ ಬರುವ ಹೆಂಡತಿ, ಐಸಿಸ್. ಬೇರೆ ಚಾವಣಿಗಳಲ್ಲಿ ಸಾಹ್ ಕತ್ತು ತಿರುಗಿಸಿ ಅವಳನ್ನು ನೋಡುತ್ತಿರುತ್ತಾನೆ, ಬಂದೆಯಾ ಅನ್ನೋ ಹಾಗೆ. ನಕ್ಷತ್ರ ಅವೇ. ಇಲ್ಲಿ ಬೇಟೆ, ಅಲ್ಲಿ ಸಂಸಾರ.

ಅದರಾಚೆಗೆ ಗ್ರಹಗಳು. ಗುರು, ಶನಿ ಎರಡೂ ಗಿಡುಗನ ತಲೆಯ ಹೋರಸ್ ದೇವರು, ದೋಣಿಯಲ್ಲಿ ನಿಂತಿದ್ದಾರೆ. ಬುಧ ಇದ್ದಾನೆ. ಶುಕ್ರ ಒಂದು ಕೊಕ್ಕರೆ. ಮಂಗಳ ಮಾತ್ರ ನಾಪತ್ತೆ, ಅವನಿರಬೇಕಾದ ಕಡೆ ಒಂದು ಖಾಲಿ ದೋಣಿ. ಈ ಖಾಲಿ ದೋಣಿ ಹಿಡಿದುಕೊಂಡು ಸಮಾಧಿಯ ಕಾಲವನ್ನು ದಿನದ ಲೆಕ್ಕಕ್ಕೆ ಇಳಿಸಲು ಹೊರಟವರೂ ಇದ್ದಾರೆ. ನನಗೆ ಅದು ಅತಿಯಾಯಿತು ಅನಿಸುತ್ತದೆ. ಆದರೆ ಮಂಗಳನ ಬಗ್ಗೆ ಅವರು ಬೇರೆ ಕಡೆ ಬರೆದಿರುವ ಒಂದು ಮಾತು ಚೆನ್ನಾಗಿದೆ, ‘ಅವನು ಹಿಂದಕ್ಕೆ ಸಾಗುತ್ತಾನೆ’ ಅಂತ. ನಮ್ಮ ಪಂಚಾಂಗದವರು ವಕ್ರಗತಿ ಅನ್ನುತ್ತಾರಲ್ಲ, ಅದೇ. ಬರೀ ಕಣ್ಣಲ್ಲಿ ತಿಂಗಳುಗಟ್ಟಲೆ ನೋಡದೆ ಅದು ಗೊತ್ತಾಗುವುದಿಲ್ಲ.

ಉತ್ತರ ಭಾಗದಲ್ಲಿ ಆ ಹನ್ನೆರಡು ಚಕ್ರ, ಒಂದು ಕಡೆ ನಾಲ್ಕು, ಇನ್ನೊಂದು ಕಡೆ ಎಂಟು. ಪ್ರತಿಯೊಂದರಲ್ಲೂ 24 ಅರ, ಒಂದೊಂದಕ್ಕೂ ತಿಂಗಳ ಹೆಸರು. ಮತ್ತೆ ಆ ಮೊಟ್ಟೆ ಹೊಟ್ಟೆಯ ಹೋರಿ. ಅದರ ಹೆಸರು ಮೆಸ್ಖೆತಿಯು, ಹೋರಿಯ ಮುಂಗಾಲು. ನಮ್ಮ ಸಪ್ತರ್ಷಿ ಮಂಡಲ. ಸುಮ್ನೆ ಒಂದು ಸಲ ಸಪ್ತರ್ಷಿಯನ್ನು ಕತ್ತರಿಸಿದ ತೊಡೆ-ಕಾಲು ಅಂತ ಅಂದುಕೊಂಡು ನೋಡಿ, ಆಮೇಲೆ ಬೇರೇನೂ ಕಾಣುವುದಿಲ್ಲ. ನನಗೆ ಹಾಗೇ ಆಗಿದೆ, ಋಷಿಗಳು ಕಾಣೆಯಾಗಿದ್ದಾರೆ. ಹೆಣದ ಬಾಯಿ ತೆರೆಸುವ ಶಾಸ್ತ್ರದಲ್ಲಿ ಬಳಸುತ್ತಿದ್ದ ಬಾಚಿಗೂ ಇದೇ ಹೆಸರು. ಬಾಚಿಯ ಆಕಾರವೂ ಹಾಗೇ ಇದೆ.

ನೀರಾನೆಗೆ ಏನು ಕೆಲಸ? ಇದಕ್ಕೆ ಉತ್ತರ ಆರನೇ ರಾಮ್ಸೆಸ್ ರಾಜನ ಸಮಾಧಿಯಲ್ಲಿ ಬರಹದಲ್ಲೇ ಇದೆ. ಆ ಕಾಲು ಸೇತ್‌ನದ್ದು, ತಮ್ಮನಾಗಿ ಅಣ್ಣ ಒಸಿರಿಸ್‌ನನ್ನು ಕೊಂದವನ ಕಾಲು. ಅದನ್ನು ಉತ್ತರ ಆಕಾಶದಲ್ಲಿ ಎರಡು ಚಕಮಕಿ ಕಲ್ಲಿನ ಗೂಟಗಳಿಗೆ ಚಿನ್ನದ ಸರಪಳಿಯಿಂದ ಕಟ್ಟಿದ್ದಾರೆ. ಕಾವಲಿಗೆ ನಿಂತವಳು ನೀರಾನೆಯ ವೇಷದ ಐಸಿಸ್. ಕೊಟ್ಟಿಗೆಯಲ್ಲಿ ಹಾಯುವ ಹೋರಿಯನ್ನು ಗೂಟಕ್ಕೆ ಕಟ್ಟುತ್ತೇವಲ್ಲ, ಅದು ಗೂಟದ ಸುತ್ತಲೇ ತಿರುಗುತ್ತಿರುತ್ತದೆ. ಸಪ್ತರ್ಷಿ ಮಂಡಲ ಧ್ರುವದ ಸುತ್ತ ತಿರುಗಿ ಎಂದೂ ದಕ್ಷಿಣಕ್ಕೆ, ಒಸಿರಿಸ್ ಇರುವ ಕಡೆಗೆ ಬರದೇ ಇರೋದಕ್ಕೆ ಇದಕ್ಕಿಂತ ಚೆನ್ನಾದ ವಿವರಣೆ ಯಾರು ಕೊಡಬೇಕು ಹೇಳಿ.

ಒರಾಯನ್, ಲುಬ್ಧಕ, ಸಪ್ತರ್ಷಿ, ಈ ಮೂರು ಖಚಿತ. ಸಿಂಹ, ಮೊಸಳೆ, ನೀರಾನೆಗಳು ಆಕಾಶದ ಯಾವ ನಕ್ಷತ್ರಗಳು ಅಂತ ವಿದ್ವಾಂಸರು ಇವತ್ತಿಗೂ ಜಗಳ ಆಡುತ್ತಿದ್ದಾರೆ. ವಾಟ್ಸಾಪ್‌ನಲ್ಲಿ ಮಾತ್ರ ಜಗಳವೇ ಇಲ್ಲ, ಅಲ್ಲಿ ಎಲ್ಲವೂ ಹೊಂದುತ್ತದೆ, ಪಿರಮಿಡ್ಡೂ ಒರಾಯನ್ ಬೆಲ್ಟೂ ಮಿಲಿಮೀಟರ್ ಲೆಕ್ಕದಲ್ಲಿ.

ಈಗ ನಿಂತ ಗಡಿಯಾರದ ವಿಷಯ. ಅವರ ವರ್ಷಕ್ಕೆ 365 ದಿನ ಅಂದೆ. ನಿಜವಾದ ವರ್ಷ ಕಾಲು ದಿನ ಜಾಸ್ತಿ. ಅಧಿಕ ದಿನ ಸೇರಿಸುವ ಪದ್ಧತಿ ಅವರಿಗಿರಲಿಲ್ಲ. ಹಾಗಾಗಿ ನಾಲ್ಕು ವರ್ಷಕ್ಕೆ ಒಂದು ದಿನ ಕ್ಯಾಲೆಂಡರು ಜಾರುತ್ತದೆ, 40 ವರ್ಷಕ್ಕೆ ಹತ್ತು ದಿನ, ಅಂದರೆ ಮುಚ್ಚಳದ ಪಟ್ಟಿಯಲ್ಲಿ ಪೂರ್ತಿ ಒಂದು ಕಂಬಸಾಲು ತಪ್ಪಾಯಿತು. ಅಜ್ಜನಿಗೆ ಬರೆದದ್ದು ಮೊಮ್ಮಗನಿಗೆ ಕೆಲಸಕ್ಕೆ ಬಾರದು.

ಮೊದಲನೇ ಸೇಟಿ ರಾಜ ಅಬಿಡಾಸ್‌ನಲ್ಲಿ ಕಟ್ಟಿಸಿದ ಸಾಂಕೇತಿಕ ಸಮಾಧಿಯಲ್ಲಿ ನುಟ್ ದೇವಿಯ ದೊಡ್ಡ ಚಿತ್ರವಿದೆ. ನುಟ್ ಅಂದರೆ ಆಕಾಶ. ಕೈಕಾಲು ನೆಲಕ್ಕೂರಿ ಬಿಲ್ಲಿನ ಹಾಗೆ ಬಾಗಿದ್ದಾಳೆ. ಸಂಜೆ ಸೂರ್ಯನನ್ನು ನುಂಗುತ್ತಾಳೆ, ಬೆಳಿಗ್ಗೆ ಹೆರುತ್ತಾಳೆ. ಬೆಳಗಾದರೆ ನಕ್ಷತ್ರಗಳನ್ನೂ ನುಂಗುತ್ತಾಳೆ, ಅವು ಅವಳ ಮಕ್ಕಳೇ. ಅದಕ್ಕೆ ಗಂಡ ಗೆಬ್, ಅಂದರೆ ಭೂಮಿ, ಅವಳ ಮೇಲೆ ರೇಗುತ್ತಾನೆ. ತನ್ನ ಮರಿ ತಾನೇ ತಿನ್ನುವ ಹಂದಿ ಅನ್ನೋ ಹೆಸರು ಅವಳಿಗೆ ಬರುತ್ತದೆ, ದೇವಿಗೆ! ಅದೇ ಬರಹದಲ್ಲಿ ಒಂದೊಂದು ನಕ್ಷತ್ರವೂ 70 ದಿನ ದುಆತ್‌ನಲ್ಲಿರುತ್ತದೆ ಅಂತಿದೆ. ಲುಬ್ಧಕ ಸೂರ್ಯನ ಹತ್ತಿರ ಹೋಗಿ ಕಾಣದಾಗುವುದು ಹೆಚ್ಚುಕಮ್ಮಿ ಅಷ್ಟೇ ದಿನ. ಆಮೇಲೆ ಒಂದು ಬೆಳಗಿನ ಜಾವ ಪೂರ್ವದಲ್ಲಿ ಮಿನುಗುತ್ತದೆ, ಆಸುಪಾಸಿನಲ್ಲೇ ನೈಲ್ ನದಿ ಉಕ್ಕುತ್ತದೆ. ಹೆಣಕ್ಕೆ ಉಪ್ಪು, ಎಣ್ಣೆ, ಬಟ್ಟೆ ಎಲ್ಲ ಸೇರಿ ಮಮ್ಮಿ ಮಾಡಲು ತೆಗೆದುಕೊಳ್ಳುತ್ತಿದ್ದ ಸಮಯವೂ 70 ದಿನವೇ. ಸತ್ತವನನ್ನು ಯಾಕೆ ನಕ್ಷತ್ರ ಅಂದರು ಅನ್ನೋದು ಇಲ್ಲಿ ಗೊತ್ತಾಗುತ್ತದೆ.

ಆ ನುಟ್ ಚಿತ್ರದ ಪಕ್ಕ ನಕ್ಷತ್ರಗಳು ಮೂಡುವ, ಮುಳುಗುವ ತಾರೀಖುಗಳಿವೆ. ಸೇಟಿ ಕ್ರಿ.ಪೂ. 1290ರ ಆಸುಪಾಸಿನವನು. ಲೆಕ್ಕ ಹಾಕಿ ನೋಡಿದರೆ ಆ ತಾರೀಖುಗಳು ಅವನಿಗಿಂತ ಸುಮಾರು 600 ವರ್ಷ ಹಳೆಯವು. 600 ವರ್ಷಕ್ಕೆ 150 ದಿನ ಜಾರಿಕೆ. ಐದು ತಿಂಗಳು! ದೀಪಾವಳಿ ಯಾವಾಗ ಅಂದರೆ ಯುಗಾದಿ ದಿನ ತೋರಿಸುವ ಕ್ಯಾಲೆಂಡರ್ ಅದು.

ಬರೆದ ಪುರೋಹಿತರಿಗೆ ಇದು ಗೊತ್ತಿರಲಿಲ್ಲವಾ? ದಿನಾ ರಾತ್ರಿ ದೇವಸ್ಥಾನದ ಮಾಳಿಗೆ ಮೇಲೆ ಕೂತು ತಾಸು ಎಣಿಸುವವರಿಗೆ ಗೊತ್ತಿಲ್ಲದೆ ಇರುತ್ತದೆಯೇ. ನನ್ನ ಉತ್ತರ ನಮ್ಮ ಮನೆಗಳ ಒಳಗೇ ಇದೆ. ಹೋದ ವರ್ಷದ ಕ್ಯಾಲೆಂಡರಿನಲ್ಲಿ ಲಕ್ಷ್ಮಿಯದೋ ವೆಂಕಟರಮಣನದೋ ಚಿತ್ರ ಇದ್ದರೆ ನಾವು ಎಸೆಯುವುದಿಲ್ಲ. ತಾರೀಖಿನ ಹಾಳೆ ಹರಿದು ಚಿತ್ರ ಉಳಿಸುತ್ತೇವೆ, ಕೆಲವರು ಕಟ್ಟು ಹಾಕಿಸಿ ದೇವರ ಮನೆಯಲ್ಲಿ ಇಡುತ್ತಾರೆ. ನಮ್ಮ ಮನೆಯಲ್ಲಿ ಅಡುಗೆಮನೆ ಬಾಗಿಲ ಹಿಂದೆ 1998ರದ್ದೊಂದು ಇತ್ತು, ತಾರೀಖು ಸಮೇತ. ಯಾರೂ ಅದನ್ನು ನೋಡಿ ಇವತ್ತು ಸೋಮವಾರ ಅಂದುಕೊಳ್ಳುತ್ತಿರಲಿಲ್ಲ. ಹಾಗೆಂದು ಅದನ್ನು ಯಾರೂ ತೆಗೆಯಲೂ ಇಲ್ಲ.

ಮಾಳಿಗೆ ಮೇಲೆ ತಾಸು ಎಣಿಸುವುದು ಹೇಗೆ ಅಂತ ಈಗ ಮಾಡಿ ನೋಡೋಣ. ಮೊದಲ ಸಾಲಿನವರು ಇಬ್ಬಿಬ್ಬರು ಎದುರುಬದುರಾಗಿ ತಿರುಗಿ. ಒಬ್ಬರು ಉತ್ತರಕ್ಕೆ ಮುಖ ಮಾಡಿ ಅಲ್ಲಾಡದೆ ಕೂರಬೇಕು, ಇನ್ನೊಬ್ಬರು ಅವರನ್ನು ನೋಡುತ್ತಾ ದಕ್ಷಿಣಕ್ಕೆ. ಕೈಯಲ್ಲೊಂದು ತೂಗುಗುಂಡಿನ ದಾರ, ಅದನ್ನು ಕಟ್ಟಿದ ಸಲಕರಣೆಗೆ ‘ಮೆರ್ಖೆತ್’ ಅಂತ ಹೆಸರು, ಜೊತೆಗೆ ನಡುವೆ ಸೀಳಿದ ಈಚಲು ಗರಿಯ ದಿಂಡು. ಎದುರಿನವರ ತಲೆ ಮೇಲೆ ಆಕಾಶದಲ್ಲಿ ನಕ್ಷತ್ರ ಎಲ್ಲಿ ಬಂತು ನೋಡಿ. ಎಡ ಕಣ್ಣಿನ ಮೇಲಾ, ಬಲ ಕಿವಿಯ ಮೇಲಾ, ಎಡ ಭುಜದ ಮೇಲಾ, ಅಥವಾ ನೇರ ಎದೆಯ ನೇರಕ್ಕಾ? ಎರಡು ಕಣ್ಣು, ಎರಡು ಕಿವಿ, ಎರಡು ಭುಜ, ಒಂದು ಎದೆ, ಒಟ್ಟು ಏಳು ಜಾಗ. ಆರನೇ, ಏಳನೇ, ಒಂಬತ್ತನೇ ರಾಮ್ಸೆಸ್‌ಗಳ ಸಮಾಧಿ ಚಾವಣಿಗಳಲ್ಲಿ ಇದೇ ಪಟ್ಟಿಗಳಿವೆ. ಕೂತ ಮನುಷ್ಯನ ಚಿತ್ರ, ಅವನ ಮೇಲೆ ಗೆರೆ ಹಾಕಿದ ಚೌಕಳಿ, ಅದರಲ್ಲಿ ನಕ್ಷತ್ರಗಳು, ಪಕ್ಕದಲ್ಲಿ ಹದಿಮೂರು ಸಾಲು ಬರಹ, ರಾತ್ರಿಯ ಶುರುವಿಗೊಂದು, ತಾಸುಗಳಿಗೆ ಹನ್ನೆರಡು. ಹದಿನೈದು ದಿನಕ್ಕೊಂದರಂತೆ ವರ್ಷಕ್ಕೆ 24 ಪಟ್ಟಿ. ನಕ್ಷತ್ರಗಳ ಹೆಸರು ಕೇಳಿ: ದೈತ್ಯನ ಎರಡು ಗರಿಯ ತುದಿ, ದೈತ್ಯನ ಕತ್ತು, ದೈತ್ಯನ ಸೊಂಟ. ಆ ದೈತ್ಯ ದಾಟಿ ಮುಗಿಯಲು ತಾಸುಗಟ್ಟಲೆ ಬೇಕು.

ನಿಮ್ಮಲ್ಲಿ ಒಬ್ಬರು ಈಗಲೇ ತಲೆ ಅಲ್ಲಾಡಿಸಿಬಿಟ್ಟಿರಿ. ಒಂದು ತಾಸು ಹೋಯಿತು ನೋಡಿ. ಅವರಿಗೂ ಇದೇ ತಾಪತ್ರಯ ಇದ್ದಿರಬೇಕು. ಮೋಡ ಬಂದರೆ? ನೀರು ಗಡಿಯಾರ ಇತ್ತು. ನಮ್ಮ ಗಳಿಗೆ ಬಟ್ಟಲು ನೀರಿನ ಮೇಲೆ ತೇಲಿ, ತುಂಬಿ, ಮುಳುಗುವುದು. ಅವರದು ತಳದ ತೂತಿನಿಂದ ಸೋರುವ ದೊಡ್ಡ ಪಾತ್ರೆ. 1904ರಲ್ಲಿ ಕಾರ್ನಾಕ್‌ನಲ್ಲಿ ಮೂರನೇ ಅಮೆನ್‌ಹೋಟೆಪ್ ರಾಜನ ಕಾಲದ ಒಂದು ಕಲ್ಲಿನ ಪಾತ್ರೆ ಸಿಕ್ಕಿತು. ಒಳಗೆ ಹನ್ನೆರಡು ತಿಂಗಳಿಗೆ ಬೇರೆ ಬೇರೆ ಗುರುತು, ಯಾಕೆಂದರೆ ರಾತ್ರಿಯ ಉದ್ದ ತಿಂಗಳಿಗೆ ತಕ್ಕಂತೆ ಬದಲಾಗುತ್ತದೆ. ಹೊರಗೆ ಅದೇ ಮುಂಗಾಲು, ಅದೇ ನೀರಾನೆ, ಅದೇ ನಕ್ಷತ್ರ ದೋಣಿಗಳು.

ಆರನೇ ರಾಮ್ಸೆಸ್‌ನ ಚಾವಣಿ ಬರೆದದ್ದು ಕ್ರಿ.ಪೂ. 1140ರ ಆಸುಪಾಸು. ನಾಯ್‌ಗೆಬಾವರ್ ಮತ್ತು ಪಾರ್ಕರ್ ಎಂಬ ಇಬ್ಬರು ವಿದ್ವಾಂಸರು ಲೆಕ್ಕ ಹಾಕಿ ಆ ಪಟ್ಟಿ ಕ್ರಿ.ಪೂ. 1470ರ ಹೊತ್ತಿನದು ಅಂದರು. ಅಂದರೆ ಎಂಬತ್ತು ದಿನ ತಪ್ಪು. ಮತ್ತೆ ಬಾಗಿಲ ಹಿಂದಿನ ಕ್ಯಾಲೆಂಡರೇ.

ಅಂದವಾಗಿರುವುದು ಯಾವುದು ಅಂತ ಕೇಳಿದರೆ ನಾನು ಹೇಳೋದು ರಾಜರ ಕಣಿವೆಯಲ್ಲಿರುವ ಸೇಟಿಯ ನಿಜವಾದ ಸಮಾಧಿ. 1817ರ ಅಕ್ಟೋಬರಿನಲ್ಲಿ ಬೆಲ್ಝೋನಿ ಎಂಬ ಇಟಲಿಯವನು ಅದನ್ನು ತೆರೆದ. ಒಳಗೆ ಕಮಾನು ಚಾವಣಿ, ಗಾಢ ನೀಲಿ, ಮೇಲೆ ಹಳದಿ ಬಣ್ಣದಲ್ಲಿ ಆ ಪ್ರಾಣಿಗಳೆಲ್ಲ. ಇಲ್ಲಿ ಹೋರಿ ಮೊಟ್ಟೆಯಲ್ಲ, ಪೂರ್ತಿ ಮೈಯ ಹೋರಿ. ಕೆಳಗಿದ್ದ ಕಲ್ಲಿನ ಶವಪೆಟ್ಟಿಗೆ ಈಗ ಲಂಡನ್ನಿನಲ್ಲಿದೆ, 1824ರಲ್ಲಿ ಸರ್ ಜಾನ್ ಸೋನ್ 2,000 ಪೌಂಡಿಗೆ ಕೊಂಡ. ಪೆಟ್ಟಿಗೆಯ ತಳದಲ್ಲೂ ನುಟ್ ಕೊರೆದಿದ್ದಾಳೆ. ಮೇಲೂ ಆಕಾಶ, ಕೆಳಗೂ ಆಕಾಶ.

ಇನ್ನು ಡೆಂಡೆರಾ. ಅದು ಸಮಾಧಿಯಲ್ಲ, ಹಾಥೋರ್ ದೇವಿಯ ಗುಡಿ, ಆದರೆ ಅದನ್ನು ಬಿಟ್ಟರೆ ನೀವು ನನ್ನನ್ನು ಬಿಡುವುದಿಲ್ಲ. ಅಲ್ಲಿನ ದುಂಡು ಚಾವಣಿಯಲ್ಲಿ ಮೇಷ, ವೃಷಭ, ಸಿಂಹ, ಎಲ್ಲ ಹನ್ನೆರಡು ರಾಶಿಗಳೂ ಇವೆ. ಅವು ಈಜಿಪ್ಟಿನವಲ್ಲ, ಬ್ಯಾಬಿಲೋನಿನಿಂದ ಬಂದ ನೆಂಟರು. ಮನೆಯವರು, ಅಂದರೆ ಮುಂಗಾಲು ಮತ್ತು ನೀರಾನೆ, ನಟ್ಟನಡುವೆ ಕೂತಿದ್ದಾರೆ. ಅಂಚಿನಲ್ಲಿ ಹಳೆಯ 36. 1821ರಲ್ಲಿ ಲೆಲೊರೇನ್ ಎಂಬ ಫ್ರೆಂಚಿನವನು ಗರಗಸ, ಉಳಿ, ಕೋವಿಮದ್ದು ತೆಗೆದುಕೊಂಡು ಹೋಗಿ ಚಾವಣಿಯನ್ನೇ ಕಿತ್ತ. ಫ್ರಾನ್ಸಿನ ರಾಜ 1,50,000 ಫ್ರಾಂಕ್ ಕೊಟ್ಟು ಕೊಂಡ. ಈಗ ಅದು ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿದೆ, ಡೆಂಡೆರಾದಲ್ಲಿ ಇರೋದು ನಕಲು. ಪ್ಯಾರಿಸ್ಸಿನಲ್ಲಿ ಆಗ ಇದಕ್ಕೆ 15,000 ವರ್ಷ ವಯಸ್ಸು ಅಂದವರಿದ್ದರು, ವಾಟ್ಸಾಪ್ ಇಲ್ಲದ ಕಾಲದಲ್ಲೇ! 1822ರಲ್ಲಿ ಶಾಂಪೊಲಿಯನ್, ಅಂದರೆ ಈಜಿಪ್ಟಿನ ಚಿತ್ರಲಿಪಿಯ ಗುಟ್ಟು ಬಿಡಿಸಿದವನು, ಹಳೆಯ ಒಂದು ಚಿತ್ರದ ನಕಲಿನಲ್ಲಿ ರೋಮನ್ ಚಕ್ರವರ್ತಿಯ ಬಿರುದು ಓದಿ, ಇದು ತೀರಾ ಈಚಿನದು ಅಂದ. ಆರು ವರ್ಷ ಬಿಟ್ಟು ತಾನೇ ಡೆಂಡೆರಾಗೆ ಹೋಗಿ ನೋಡಿದರೆ ಆ ಜಾಗದಲ್ಲಿ ಅಕ್ಷರವೇ ಇಲ್ಲ, ಖಾಲಿ. ನಕಲು ಮಾಡಿದವರು ಸೇರಿಸಿಬಿಟ್ಟಿದ್ದರು. ಆದರೂ ಅವನು ಹೇಳಿದ್ದು ಹೆಚ್ಚುಕಮ್ಮಿ ಸರಿಯೇ ಆಯಿತು, ಈಗ ಅದನ್ನು ಕ್ರಿ.ಪೂ. 50ರ ಸುಮಾರಿನದು ಅನ್ನುತ್ತಾರೆ.

ಕೊನೆಯ ಚಿತ್ರ ಎಸ್ನಾದ ಗುಡಿಯದ್ದು, ಲಕ್ಸರ್‌ನಿಂದ ದಕ್ಷಿಣಕ್ಕೆ. ಇಲ್ಲಿ ಚಾವಣಿ ನೂರಾರು ವರ್ಷದ ಹೊಗೆ, ಮಸಿ, ಹಕ್ಕಿಯ ಹಿಕ್ಕೆ ಮೆತ್ತಿ ಕಪ್ಪಗಿತ್ತು. 2018ರಿಂದ ಈಜಿಪ್ಟಿನವರೂ ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯದವರೂ ಸೇರಿ ಅದನ್ನು ಇಂಚಿಂಚಾಗಿ ಒರೆಸುತ್ತಾ ಬಂದರು. ಎಡಗಡೆ ಒರೆಸುವ ಮುಂಚಿನದು, ಬಲಗಡೆ ಆಮೇಲಿನದು. ಚಿತ್ರಗಳನ್ನು ಕಲ್ಲಲ್ಲಿ ಕೆತ್ತಿದ್ದರು, ಆದರೆ ಹೆಸರುಗಳನ್ನು ಬರೀ ಬಣ್ಣದಲ್ಲಿ ಬರೆದಿದ್ದರು. ಮಸಿ ಕೆಳಗೆ ಆ ಹೆಸರುಗಳು ಹಾಗೇ ಇದ್ದವು, ಮೊದಲು ಯಾರೂ ಕೇಳಿರದ ನಕ್ಷತ್ರಗುಂಪುಗಳೂ ಅದರಲ್ಲಿದ್ದವು. ಒಂದರ ಹೆಸರು ‘ಸೂರ್ಯದೇವರ ಬಾತುಗಳು’. ಆಕಾಶದಲ್ಲಿ ಅವು ಯಾವ ಕಡೆ ಇವೆ ಅಂತ ಮಾತ್ರ ನನ್ನನ್ನು ಕೇಳಬೇಡಿ, ಹೆಸರಿನ ಪಕ್ಕ ವಿಳಾಸ ಬರೆದಿಲ್ಲ.